ಬೂದಿ ಅಳೆಯುವ ಬಳ್ಳ

ಮಾಗಿಯ ಚಳಿ ಬಿಗಿದಿತ್ತು. ಕಣಗಳಲ್ಲಿ ರಾಗಿ ತೆನೆಯ ಮೇಲೆ ಕಲ್ಲಿನ ಗುಂಡು ಉರುಳುತ್ತಿತ್ತು, ಒಕ್ಕಣೆ ಮುಗಿಸಿದವರು ಬಣವೆ ಒಟ್ಟುತ್ತಿದ್ದರು. ಬೆಳಗಿನ ಗಂಟೆ ಬಾರಿಸಿದೊಡನೆ ಕೆಲಸವನ್ನು ಅಲ್ಲಿಗೇ ಬಿಟ್ಟು ಊರಿನ ನೂರಾ ಹದಿನಾಲ್ಕು ಮನೆಯವರೂ ಒಡೆದ ಮಡಕೆಯ ಚಿಪ್ಪು ಹಿಡಿದು ಕೆಂಡಮನೆಯ ಮುಂದೆ ಸಾಲುಗಟ್ಟುತ್ತಿದ್ದರು. ಮನೆಗೊಂದು ಸೌಟು ಕೆಂಡ, ಮನೆಗೊಂದು ಹೊರೆ ಸೌದೆ. ಇಬ್ಬರಿರುವ ಮನೆಗೂ ಅಷ್ಟೇ, ಹನ್ನೆರಡು ಜನರಿರುವ ಮನೆಗೂ ಅಷ್ಟೇ. ಸಂಜೆಯ ಗಂಟೆಗೆ ಒಲೆಯ ಮೇಲೆ ಮಣ್ಣಿನ ಮುಚ್ಚಳ ಹಾಕಿ ಉಸಿರು ಕಟ್ಟಿಸಿ ಆರಿಸಬೇಕು, ಬೂದಿಯನ್ನು ಗುಡಿಸಿ ಪುಟ್ಟಿಯಲ್ಲಿ ತುಂಬಿ ಅದೇ ಕೆಂಡಮನೆಗೆ ತಂದು ಒಪ್ಪಿಸಬೇಕು. ಆ ಬೂದಿಯನ್ನು ಅಳೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಎದುರಿಗೆ ನನ್ನನ್ನು ಮುದ್ವೀರಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆ ಬೂದಿ ಮುದ್ವೀರ.

ನಮ್ಮ ಮಣ್ಣಿನಲ್ಲಿ ಹೊತ್ತಿಸಿದ ಬೆಂಕಿ ಬೆಳಕು ಕೊಡುತ್ತದೆ, ಬೇಯಿಸುವುದಿಲ್ಲ. ಚಕಮಕಿ ಕಲ್ಲು ಕುಟ್ಟಿದರೆ ಕಿಡಿ ಬರುತ್ತದೆ, ಅರಳೆ ಹತ್ತಿಕೊಳ್ಳುತ್ತದೆ, ಉರಿ ಮೊಳದುದ್ದ ಏಳುತ್ತದೆ. ಕೈ ಇಟ್ಟರೆ ಬಾವಿಯ ಕಲ್ಲು ಮುಟ್ಟಿದಷ್ಟು ತಣ್ಣಗೆ. ದೀಪಕ್ಕೆ ಅದೇ ಆಗುತ್ತಿತ್ತು. ಮದುವೆಯಲ್ಲಿ ಅದನ್ನು ಚಪ್ಪರಕ್ಕೆ ಕಟ್ಟುತ್ತಿದ್ದರು, ಹೆಣ್ಣುಮಕ್ಕಳು ಮುಡಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಆದರೆ ಮುದ್ದೆ ಬೇಯಬೇಕಾದರೆ, ನೀರು ಕಾಯಬೇಕಾದರೆ ಆಚೆ ದಡದ ಬೆಂಕಿಯೇ ಬೇಕು. ಕಾಡು ಕಡಿದು ಹೊಲ ಮಾಡಿ ಎಂದು ನಮ್ಮ ಹಿರಿಯರನ್ನು ಇಲ್ಲಿ ಇಳಿಸಿದಾಗ ಆಚೆ ದಡದ ಸರ್ಕಾರ ಒಂದು ಕಬ್ಬಿಣದ ತೊಟ್ಟಿಯಲ್ಲಿ ಆ ಬೆಂಕಿಯನ್ನೂ ಕೊಟ್ಟು ಕಳಿಸಿತ್ತು. ಕೆಂಡಮನೆಯಲ್ಲಿ ಉಳಿದುಕೊಂಡು ಬಂದದ್ದು ಅದೇ. ಆರು ತಿಂಗಳಿಗೊಮ್ಮೆ ಬರುವ ದೋಣಿ ನಮ್ಮ ರಾಗಿಯನ್ನೂ ಬೂದಿಯನ್ನೂ ಹೇರಿಕೊಂಡು ಹೋಗುತ್ತಿತ್ತು. ರಾಗಿ ತಿನ್ನುತ್ತಾರೆ, ಬೂದಿಯನ್ನು ಏನು ಮಾಡುತ್ತಾರೆ ಎಂಬುದು ನಮ್ಮಲ್ಲಿ ಯಾರಿಗೂ ತಿಳಿಯದು. ಹಲ್ಲುಜ್ಜುತ್ತಾರೆ ಎಂದು ಕೆಲವರು, ಗದ್ದೆಗೆ ಹಾಕುತ್ತಾರೆ ಎಂದು ಕೆಲವರು. ನಾವು ಒಲೆ ಆರಿಸಿದೆವೋ ಇಲ್ಲವೋ ಎಂದು ನೋಡಿ ಹೊಳೆಗೆ ಸುರಿಯುತ್ತಾರೆ ಎಂದು ನನ್ನ ಹೆಂಡತಿ ಚೆನ್ನಕ್ಕ ಹೇಳುತ್ತಿದ್ದಳು.

ಕೆಂಡ ಸರ್ಕಾರದ್ದು, ಅದೂ ಒಂದು ಹಗಲಿನ ಮಟ್ಟಿಗೆ. ರಾತ್ರಿಗೆ ಉಳಿಸಿಕೊಂಡರೆ ಕಳ್ಳತನ. ಒಂದು ಮನೆಯಿಂದ ಇನ್ನೊಂದು ಮನೆಗೆ ಕೊಟ್ಟರೂ ಕಳ್ಳತನ. ನನ್ನ ಅವ್ವನ ಕಾಲದಲ್ಲಿ ಚಿಪ್ಪು ಹಿಡಿದು ಬಾಗಿಲಿಗೆ ಬಂದವರಿಗೆ ಕೆಂಡ ಇಲ್ಲ ಎನ್ನುತ್ತಿರಲಿಲ್ಲವಂತೆ. ಹಾಗೆನ್ನುವುದು ಬಾಯಾರಿದವರಿಗೆ ನೀರಿಲ್ಲ ಎಂದ ಹಾಗೆ. ಆಮೇಲೆ ಕಟ್ಟಳೆ ಬಂತು, ಜನ ಒಗ್ಗಿಕೊಂಡರು. ಎದ್ದವರು ಮುಖ ತೊಳೆಯುವ ಮೊದಲು ಪಕ್ಕದ ಮನೆಯ ಸೂರು ನೋಡುತ್ತಿದ್ದರು, ಗಂಟೆಗೆ ಮುಂಚೆಯೇ ಹೊಗೆಯಾಡುತ್ತಿದೆಯೇನೋ ಎಂದು. ನೆಂಟರು ಬಂದರೆ ಒಲೆಯ ಹಿಂದಿನ ಗೋಡೆಗೇ ಒರಗಿ ಕೂರುತ್ತಿದ್ದರು. ಬೆನ್ನು ನೋವಿಗಲ್ಲ, ಗೋಡೆ ಬೆಚ್ಚಗಿದೆಯೇ ನೋಡುವುದಕ್ಕೆ. ಹೆಂಗಸರು ಒಬ್ಬರ ಸೀರೆಯನ್ನು ಒಬ್ಬರು ಮೆಚ್ಚುವ ನೆಪದಲ್ಲಿ ಸೆರಗನ್ನು ಮೂಗಿನವರೆಗೆ ಎತ್ತುತ್ತಿದ್ದರು. ಒಂದು ಸಂಸಾರಕ್ಕೆ ಒಮ್ಮೆ ವರ್ಷವಿಡೀ ಬೆಂಕಿ ನಿಲ್ಲಿಸಿದ್ದರು. ಹಸಿ ಕಾಳು ತಿಂದು ಸೊರಗಿ ಅವರು ಕಾಡಿನ ಕಡೆ ಹೋದರು, ತಿರುಗಿ ಬರಲಿಲ್ಲ. ಅವರ ಮೇಲೆ ದೂರು ಕೊಟ್ಟವರು ಯಾರೆಂದು ಈಗಲೂ ಗೊತ್ತಿಲ್ಲ. ಹಾಗಾಗಿ ಎಲ್ಲರ ಮೇಲೂ ಅನುಮಾನವಿತ್ತು.

ಮಳೆಗಾಲ ಕಳೆದ ಮೇಲೆ ಬಂದ ದೋಣಿಯಿಂದ ಹೊಸ ಪಾರುಪತ್ಯಗಾರರು ಇಳಿದರು. ಮೆತ್ತಗೆ ಮಾತಾಡುವ ಮನುಷ್ಯ, ಸದಾ ಕೊರಳಿಗೆ ಉಣ್ಣೆಯ ಬಟ್ಟೆ. ಒಂದು ಹೊರೆ ಸೌದೆಗೆ ಎಷ್ಟು ಬೂದಿ ಬರಬೇಕು ಎಂದು ಮೊದಲ ದಿನವೇ ಕೇಳಿದರು. ಹಾಗೆ ಯಾರೂ ಕೇಳಿರಲಿಲ್ಲ, ತಂದಷ್ಟನ್ನು ಸುರಿದುಕೊಳ್ಳುತ್ತಿದ್ದೆವು ಎಂದೆ. ಅವರು ನಕ್ಕು, ಸರ್ಕಾರದ ಕೆಲಸ ಮಾಡುವವನ ಮನೆಗಿಂತ ನಂಬಿಕೆಯ ಮನೆ ಎಲ್ಲಿದೆ, ನಿನ್ನ ಒಲೆಯ ಬೂದಿಯೇ ಅಳತೆಯಾಗಲಿ ಎಂದರು. ಒಂಬತ್ತು ದಿನ ಚೆನ್ನಕ್ಕ ಕೊಟ್ಟ ಪುಟ್ಟಿಯನ್ನು ನಾನೇ ಹೊತ್ತು ತಂದೆ. ಒಂಬತ್ತು ದಿನದ ಸರಾಸರಿ ನೋಡಿ ಬಡಗಿ ಮರದ ಬಳ್ಳದ ಒಳಮೈಗೆ ಒಂದು ಗೆರೆ ಕೊರೆದ. ಊರಿನವರೆಲ್ಲ ಬಂದು ಬಳ್ಳದೊಳಗೆ ಇಣುಕಿ ನೋಡಿಕೊಂಡು ಹೋದರು.

ಮಾರನೆಯ ದಿನದಿಂದ ಪ್ರತಿ ಮನೆಯ ಬೂದಿಯೂ ಗೆರೆಗೆ ಸರಿಯಾಗಿ ಬಂತು. ಹಸಿ ಸೌದೆ ಬಿದ್ದ ದಿನವೂ ಗೆರೆಗೆ ಸರಿ, ಒಣ ಸೌದೆ ಬಿದ್ದ ದಿನವೂ ಸರಿ. ನನ್ನ ಮನೆಯ ಅಳತೆ ಅಷ್ಟು ಕರಾರುವಾಕ್ಕಾಗಿದೆ ಎಂದು ನಾನು ಮೀಸೆ ತಿರುವಿದೆ. ಅನುಮಾನ ಪಡುವುದನ್ನೇ ಕಸುಬು ಮಾಡಿಕೊಂಡವನಿಗೆ ಅಲ್ಲಿ ಅನುಮಾನ ಬರಲಿಲ್ಲ.

ಒಂದು ಮನೆ ಮಾತ್ರ ತಪ್ಪುತ್ತಿತ್ತು. ತಿರುಮಲಯ್ಯನ ಬೂದಿ ದಿನವೂ ಗೆರೆಯ ಮೇಲೆ ಎರಡು ಬೆರಳು. ತಿರುಮಲಯ್ಯ ಆಚೆ ದಡದಲ್ಲಿ ಹುಟ್ಟಿ ಅವ್ವನ ಕಂಕುಳಲ್ಲಿ ಮೊದಲ ದೋಣಿಯಲ್ಲಿ ಬಂದವನು, ಅಲ್ಲಿ ಹುಟ್ಟಿದವರಲ್ಲಿ ಬದುಕಿ ಉಳಿದವನು ಅವನೊಬ್ಬನೇ. ಆ ಕಡೆಯವರನ್ನು ನಮ್ಮೋರು ಎಂದೇ ಕರೆಯುತ್ತಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಗ ದೋಣಿಗೆ ಹುಟ್ಟು ಹಾಕಲು ಹೋಗಿದ್ದ. ಮನೆಯಲ್ಲಿ ಅವನು ಮತ್ತು ತುಂಬು ಬಸುರಿ ಸೊಸೆ ನಿಂಗಾಜಮ್ಮ, ಇಬ್ಬರೇ. ಇಬ್ಬರ ಅಡಿಗೆಗೆ ಊರಿಗೆಲ್ಲ ಹೆಚ್ಚು ಬೂದಿ ಹೇಗೆ? ಗಂಟೆಯಾದ ಮೇಲೂ ಒಲೆ ಉರಿಯುತ್ತಿರಬೇಕು. ಉರಿಯಬೇಕಾದರೆ ಕೆಂಡ ಉಳಿಸಿಕೊಂಡಿರಬೇಕು, ಕಾಡಿನಿಂದ ಕದ್ದ ಸೌದೆ ತಂದಿರಬೇಕು. ನನ್ನ ತಲೆ ಹೀಗೆ ಓಡಿತು.

ಒಂದು ಸಂಜೆ ಸಾಲಿನಲ್ಲೇ ನಿಲ್ಲಿಸಿ ಕೇಳಿದೆ. "ತಿರುಮಲಣ್ಣ, ನಿನ್ನ ಬೂದಿ ದಿನಾ ಹೆಚ್ಗೆ ಬತ್ತದಲ್ಲ, ಅದ್ಯಾಕೆ?"

"ಹೆಚ್ಗೆ ಕೊಟ್ರೂ ತಪ್ಪೇನಪ್ಪ?"

"ತಪ್ಪಲ್ಲ. ಎಲ್ಲಿಂದ ಬತ್ತದೆ ಅಂತ."

"ಒಲೆಯಿಂದ ಬತ್ತದೆ, ಇನ್ನೆಲ್ಲಿಂದ ಬಂದಾತು. ಗುಡಿಸ್ಕಂಡು ತತ್ತೀನಿ. ಒಂದು ಚಿಟಿಕೆ ಇಟ್ಕಳಲ್ಲ. ನಮ್ಮೋರ ಬೂದಿ ನಮ್ಮೋರಿಗೆ ಸೇರ್ಬೇಕು."

ಹಿಂದಿನಿಂದ ಯಾರೋ, "ತಿರುಮಲಯ್ಯನ ಒಲೆ ಮರಿ ಹಾಕ್ತದೆ ಕಣ್ಲಾ" ಎಂದರು. ಯಾರೂ ನಗಲಿಲ್ಲ. ಸಾಲಿನವರೆಲ್ಲ ತಮ್ಮ ತಮ್ಮ ಪುಟ್ಟಿಯನ್ನೇ ನೋಡುತ್ತಿದ್ದರು. ಅದನ್ನೂ ನಾನು ತಿರುಮಲಯ್ಯನ ವಿರುದ್ಧವೇ ಎಣಿಸಿದೆ, ಇವರಿಗೆಲ್ಲ ಏನೋ ಗೊತ್ತಿದೆ ಎಂದುಕೊಂಡೆ.

ಹತ್ತು ದಿನ ಅವನ ಮನೆಯ ಎದುರಿನ ಬಣವೆಯ ಮರೆಯಲ್ಲಿ ನಿಂತು ಕಾದೆ. ಬೆಳಗಿನ ಗಂಟೆಗೆ ಮುಂಚೆ ಹೊಗೆಯಿಲ್ಲ, ಸಂಜೆಯ ಗಂಟೆಯಾದ ಮೇಲೆ ಹೊಗೆಯಿಲ್ಲ. ಗಂಟೆಯ ಮೊದಲ ಪೆಟ್ಟಿಗೇ ಮುಚ್ಚಳ ಬೀಳುತ್ತಿತ್ತು. ಇಷ್ಟು ಚೊಕ್ಕವಾಗಿ ನಡೆಯುವವನು ಎಷ್ಟು ಪಳಗಿದ ಕಳ್ಳನಿರಬೇಡ ಎಂದು ನನಗೆ ಇನ್ನಷ್ಟು ಗಟ್ಟಿಯಾಯಿತು. ಹನ್ನೊಂದನೆಯ ದಿನ ಪಾರುಪತ್ಯಗಾರರಿಗೆ ಹೇಳಿದೆ. ನಾನು ಹೇಳದೆ ಅವರೇ ಬಳ್ಳ ನೋಡಿದರೆ ನನ್ನ ಮೇಲೇ ಬರುತ್ತದೆ ಎಂಬ ಭಯವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಅವರು ಮನೆ ಜಾಲಾಡಿಸಿದರು. ಕೆಂಡ ಸಿಗಲಿಲ್ಲ. ಸಿಗದಿದ್ದರೇನು, ಬಳ್ಳ ಸುಳ್ಳು ಹೇಳುವುದಿಲ್ಲವಲ್ಲ ಎಂದರು. ತಿರುಮಲಯ್ಯನ ಮನೆಗೆ ಬೆಂಕಿ ನಿಲ್ಲಿಸಿದೆ, ಮುಂದಿನ ದೋಣಿಯಲ್ಲಿ ಆಚೆ ದಡದ ತೀರ್ಮಾನ ಬರುವವರೆಗೆ ಯಾರೂ ಆ ಮನೆಗೆ ಕೆಂಡವಾಗಲಿ ಕಾಯಿಸಿದ ನೀರಾಗಲಿ ಕೊಡಕೂಡದು ಎಂದು ಡಂಗುರ ಹಾಕಿಸಿದರು. ದೋಣಿಗೆ ಇನ್ನೂ ಮೂರು ತಿಂಗಳಿತ್ತು.

ಐದನೆಯ ದಿನಕ್ಕೆ ನಿಂಗಾಜಮ್ಮ ಹೆತ್ತಳು. ಹೆಣ್ಣು ಮಗು. ಮಾಗಿಯ ಚಳಿಯಲ್ಲಿ ಬಾಣಂತಿಗೆ ಬಿಸಿನೀರಿಲ್ಲ, ಕಾರದ ಸಾರಿಲ್ಲ. ತಿರುಮಲಯ್ಯ ತಿಪ್ಪೆಯ ನಡುವೆ ಗುಂಡಿ ತೋಡಿ ನೀರಿನ ಮಡಕೆ ಹೂತಿಟ್ಟು, ಗೊಬ್ಬರದ ಕಾವಿಗೆ ಉಗುರುಬೆಚ್ಚಗಾದ ನೀರಿನಲ್ಲಿ ಮಗುವಿಗೆ ಎರೆಯುತ್ತಿದ್ದ. ಬಾಣಂತಿಗೆ ನೆನೆಸಿದ ಅವಲಕ್ಕಿ. ಚೆನ್ನಕ್ಕ ಒಂದು ಮಧ್ಯಾಹ್ನ ಸೆರಗಿನಡಿಯಲ್ಲಿ ಬಿಸಿ ಮುದ್ದೆ ಕೊಂಡೊಯ್ದಳು. ಅಪ್ಪಣೆ ಇಲ್ಲ ಕಣಮ್ಮ ಎಂದು ಅವನು ಬಾಗಿಲಲ್ಲೇ ಹಿಂದಿರುಗಿಸಿದ. ದಿನ ಬೆಳಗಾದರೆ ಚಿಪ್ಪು ಹಿಡಿದು ಸಾಲಿನ ಕೊನೆಗೆ ಬಂದು ನಿಲ್ಲುತ್ತಿದ್ದ. ನಾನು ತಡೆಯಲಾರದೆ, ಅಪ್ಪಣೆ ಬದಲಾಗಿಲ್ಲ ತಿರುಮಲಣ್ಣ, ಸುಮ್ಮನೆ ಯಾಕೆ ಚಳಿಯಲ್ಲಿ ನಿಲ್ಲುತ್ತೀಯ ಎಂದೆ.

"ಬದಲಾದ್ರೆ ನಾನಿಲ್ಲಿ ಇರ್ಬೇಕಲ್ಲಪ್ಪ" ಎಂದ.

ಊರು ವಿಚಿತ್ರವಾಗಿ ಸುಮ್ಮನಾಗಿತ್ತು. ಕಳ್ಳ ಸಿಕ್ಕಿದಾಗ ಜನ ಬಾಯಿಗೆ ಬಂದಂತೆ ಬೈಯಬೇಕು, ಒಬ್ಬರೂ ಬೈಯಲಿಲ್ಲ. ಸಂಜೆ ಬೂದಿ ಸುರಿಯುವಾಗ ಯಾರೂ ನನ್ನ ಮುಖ ನೋಡುತ್ತಿರಲಿಲ್ಲ, ಒಬ್ಬರ ಮುಖವನ್ನೊಬ್ಬರೂ ನೋಡುತ್ತಿರಲಿಲ್ಲ.

ಮಗುವಿಗೆ ಕೆಮ್ಮು ಹಿಡಿದಿದೆ ಎಂದು ಸುದ್ದಿ ಬಂದ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಚೆನ್ನಕ್ಕ ಬಡಿಸಲಿಲ್ಲ. ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಆ ಗೆರೆ ನಂದು" ಎಂದಳು.

ನನಗೆ ಅರ್ಥವಾಗಲಿಲ್ಲ.

"ನೀವು ಅಳತೆ ಹಿಡಿದಿದ್ದು ನನ್ನ ಒಲೆ ಬೂದೀಲಿ. ನಾನು ದಿನಾ ಎರಡು ಹಿಡಿ ಹಿಂದಿಟ್ಕಂಡು ಮಿಕ್ಕಿದ್ದು ಕೊಡ್ತಿದ್ದೆ. ಆ ಒಂಬತ್ತು ದಿನಾನೂ ಅಷ್ಟೇ ಕೊಟ್ಟೆ."

ಎದ್ದುಹೋಗಿ ರಾಗಿ ತುಂಬಿಡುವ ವಾಡೆಯ ಹಿಂದಿನಿಂದ ಒಂದು ಸಣ್ಣ ಮಡಕೆ ತಂದು ನನ್ನ ಮುಂದಿಟ್ಟಳು. ಬೆರಳಿನಿಂದ ಬೂದಿ ಸರಿಸಿದಳು. ಒಳಗೆ ನೆಲ್ಲಿಕಾಯಿ ಗಾತ್ರದ ಕೆಂಡ, ಕೆಂಪಗೆ. ಹನ್ನೊಂದು ವರ್ಷದಿಂದ, ನಮ್ಮ ದೊಡ್ಡ ಮಗನಿಗೆ ಜ್ವರ ಬಂದ ರಾತ್ರಿಯಿಂದ, ಅದು ನಮ್ಮ ಮನೆಯಲ್ಲಿತ್ತು. ಅವಳೇ ಅಂದಳು: "ನಸುಕಲ್ಲಿ ಎದ್ದು ಬಿಸಿನೀರು ತಾ ಅಂತೀರಲ್ಲ. ಗಂಟೆಗೆ ಮುಂಚೆ ಬಿಸಿನೀರು ಎಲ್ಲಿಂದ ಬತ್ತದೆ ಅಂತ ಒಂದಿನ ಕೇಳಿದ್ರಾ? ಊರೋರ ಗೋಡೆ ಮುಟ್ಟಿ ನೋಡ್ತಿದ್ರಿ, ನಮ್ಮ ಗೋಡೆ ಮುಟ್ಟಲಿಲ್ಲ."

ಉಣ್ಣದೆ ಎದ್ದು ಜಗಲಿಗೆ ಬಂದು ಕೂತೆ. ನನ್ನ ಗೆರೆ ಎರಡು ಹಿಡಿ ಕಡಿಮೆ. ಹಾಗಿದ್ದರೆ ಸರಿಯಾದ ಅಳತೆ ಗೆರೆಯ ಮೇಲೆ ಎರಡು ಬೆರಳು, ಅಂದರೆ ತಿರುಮಲಯ್ಯನದು. ಗೆರೆಗೆ ಸರಿಯಾಗಿ ತಂದ ನೂರಾ ಹದಿಮೂರು ಮನೆಯವರೂ ಮಿಕ್ಕಿದ್ದನ್ನು ಯಾವುದೋ ಮೂಲೆಯಲ್ಲಿ ಕೆಂಡದ ಮೇಲೆ ಮುಚ್ಚಿಟ್ಟಿದ್ದಾರೆ. ಚೆನ್ನಕ್ಕನನ್ನು ಕೇಳಿದೆ, ಬೇರೆಯವರದು ನಿನಗೆ ಗೊತ್ತೇ ಎಂದು. ಊರಿಗೆಲ್ಲ ತಾನೊಬ್ಬಳೇ ಕಳ್ಳಿ ಎಂದು ಹನ್ನೊಂದು ವರ್ಷ ಹೆದರಿಕೊಂಡಿದ್ದೆ ಎಂದಳು. ಪ್ರತಿ ಮನೆಯಲ್ಲೂ ಒಬ್ಬೊಬ್ಬಳು ಹಾಗೆಯೇ ಹೆದರಿಕೊಂಡಿರಬೇಕು. ಕಟ್ಟಳೆಯನ್ನು ತಪ್ಪದೆ ನಡೆಸಿದ ಒಂದೇ ಒಂದು ಮನೆಯನ್ನು ನಾನು ಹುಡುಕಿ ಹಿಡಿದುಕೊಟ್ಟಿದ್ದೆ.

ಆಗಲೇ ಎದ್ದು ಪಾರುಪತ್ಯಗಾರರ ಹತ್ತಿರ ಹೋದೆ. ಹೆಂಡತಿಯ ಹೆಸರೆತ್ತದೆ ಇದನ್ನು ಸರಿ ಮಾಡಬಹುದು ಎಂದು ನಾನು ನಂಬಿದ್ದೆ. ಅಳತೆ ತಪ್ಪಾಗಿದೆ ಸ್ವಾಮಿ, ತಿರುಮಲಯ್ಯನ ಬೂದಿಯೇ ಸರಿ, ಅವನ ಬೆಂಕಿ ಬಿಡಿಸಿಕೊಡಿ ಎಂದೆ. ಅವರು ಕೊರಳಿನ ಬಟ್ಟೆ ಸಡಿಲಿಸಿಕೊಂಡು ಸ್ವಲ್ಪ ಹೊತ್ತು ಬಳ್ಳವನ್ನೇ ನೋಡಿದರು.

"ಅವನದು ಸರಿಯಾದರೆ ಉಳಿದವರೆಲ್ಲ ಕಡಿಮೆ ಕೊಟ್ಟ ಹಾಗಾಯಿತಲ್ಲ" ಎಂದರು.

ಅವರ ದನಿ ಏರಲಿಲ್ಲ. ತಿರುಮಲಯ್ಯನ ಶಿಕ್ಷೆಯನ್ನು ಆಗಲೇ ಘೋಷಿಸಿ ಆಗಿದೆ, ಸರ್ಕಾರ ತಪ್ಪಿತು ಎಂದು ತಾವು ಬರೆಯುವ ಹಾಗಿಲ್ಲ, ಅದು ಹಾಗೇ ಇರಲಿ ಎಂದರು. ಉಳಿದವರ ವಿಷಯಕ್ಕೆ, ನಾಳೆಯಿಂದ ಕೆಂಡಮನೆ ಮುಚ್ಚಿರುತ್ತದೆ. ಪ್ರತಿ ಮನೆಯೂ ಬಚ್ಚಿಟ್ಟ ಕೆಂಡವನ್ನು ತಂದೊಪ್ಪಿಸಿದ ಮೇಲೆಯೇ ತೆರೆಯುತ್ತದೆ ಎಂದರು. ಸಂಜೆಯೊಳಗೆ ಡಂಗುರದವನು ಅದನ್ನೂ ಸಾರಿ ಮುಗಿಸಿದ. ಜನ ಡಂಗುರ ಕೇಳಿ ನನ್ನ ಮನೆಯ ಕಡೆ ನೋಡಿದರು. ಈ ಸಲ ಅವರ ಅನುಮಾನ ಸರಿಯಾಗಿಯೇ ಇತ್ತು.

ಮಾರನೆಯ ಬೆಳಿಗ್ಗೆ ಗಂಟೆಯಾಯಿತು. ಸಾಲಿಗೆ ಯಾರೂ ಬರಲಿಲ್ಲ, ಕೆಂಡ ಒಪ್ಪಿಸಲೂ ಬರಲಿಲ್ಲ. ಊರಿನಲ್ಲಿ ಒಂದೇ ಒಂದು ಹೊಗೆ ಏಳುತ್ತಿತ್ತು, ಪಾರುಪತ್ಯಗಾರರ ಅಡಿಗೆಮನೆಯದು. ಜನ ಜಗಲಿಗಳಲ್ಲಿ ಕಂಬಳಿ ಹೊದ್ದು ಕೂತು ಅದನ್ನೇ ನೋಡುತ್ತಿದ್ದರು. ಎಲ್ಲರ ಮನೆಯಲ್ಲೂ ಕೆಂಡವಿತ್ತು, ಒಲೆ ಹಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಮೊದಲು ಹೊಗೆ ಬಂದ ಮನೆಯೇ ಕಳ್ಳರ ಮನೆ. ಎದುರು ಮನೆಯವಳು ಹಚ್ಚಲಿ ಎಂದು ಇವಳು, ಇವಳು ಹಚ್ಚಲಿ ಎಂದು ಅವಳು. ಹೊತ್ತು ಮಾರುದ್ದ ಏರಿತು. ಮಕ್ಕಳು ಹಸಿವಿಗೆ ರಚ್ಚೆ ಹಿಡಿದವು. ಅವು ಅತ್ತು ಸುಮ್ಮನಾದಾಗ ತಿರುಮಲಯ್ಯನ ಮನೆಯ ಕೂಸಿನ ಕೆಮ್ಮು ಬೀದಿಯ ಈ ತುದಿಗೂ ಕೇಳುತ್ತಿತ್ತು.

ಚೆನ್ನಕ್ಕ ಒಳಗಿನಿಂದ ಬಂದಳು. ಕೈಯಲ್ಲಿ ಚಿಪ್ಪು, ಚಿಪ್ಪಿನಲ್ಲಿ ಕೆಂಡ, ಅದಕ್ಕೆ ಸೆರಗು ಮುಚ್ಚಿರಲಿಲ್ಲ. ಬಾ ಎಂದು ನನ್ನನ್ನು ಕರೆಯಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಬೀದಿಯ ನಟ್ಟನಡುವೆ ಕೆಂಡ ಊದುತ್ತ ನಡೆದಳು. ನಾನು ಹಿಂದೆ ಹೋದೆ. ನಾಲ್ಕು ಮನೆ ದಾಟುವಷ್ಟರಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳವಾಯಿತು. ತಿರುಗಿ ನೋಡಿದರೆ ಮೂಲೆ ಮನೆಯ ಮಾಸ್ತಮ್ಮ, ಊರಲ್ಲೆಲ್ಲ ಹೆಚ್ಚು ಸೆರಗು ಮೂಸಿದವಳು, ಒಂದು ಚಿಪ್ಪು ಹಿಡಿದು ಬರುತ್ತಿದ್ದಳು. ಅವಳದೂ ಕೆಂಪಗಿತ್ತು. ಆಮೇಲೆ ಬಾಗಿಲುಗಳು ಒಂದರ ಹಿಂದೊಂದು ತೆರೆದವು. ಕಾವಲಿನವರು ನಾಲ್ವರು ದೊಣ್ಣೆ ಹಿಡಿದು ಬೀದಿಯ ತುದಿಗೆ ಬಂದರು. ಅಷ್ಟು ಚಿಪ್ಪುಗಳನ್ನು ನೋಡಿ ಅಲ್ಲೇ ನಿಂತರು.

ತಿರುಮಲಯ್ಯ ಹೊಸಿಲಲ್ಲಿ ಕೂತಿದ್ದ. ಚೆನ್ನಕ್ಕ ಚಿಪ್ಪು ಮುಂದೆ ಹಿಡಿದಳು.

"ಯಾರ ಕೆಂಡ ಇದು?" ಎಂದ.

"ನಂದು. ಹನ್ನೊಂದು ವರ್ಷದಿಂದ ನಂದು."

"ಕದ್ದಿದ್ದು."

"ಹೂಂ, ಕದ್ದಿದ್ದು. ನೀವು ಕದೀಲಿಲ್ಲ. ನಿಮ್ಗೇನು ಸಿಕ್ತು ಭಾವ?"

ಅವನು ಅವಳನ್ನು ಬಿಟ್ಟು ಅವಳ ಹಿಂದೆ ನಿಂತವರನ್ನು ನೋಡಿದ. ಒಬ್ಬೊಬ್ಬರ ಚಿಪ್ಪನ್ನೂ ನೋಡಿದ, ಒಬ್ಬೊಬ್ಬರ ಮುಖವನ್ನೂ ನೋಡಿದ. ಜನ ತಲೆ ತಗ್ಗಿಸಿದರು. ಕೊನೆಗೆ ನನ್ನ ಮೇಲೆ ಅವನ ಕಣ್ಣು ನಿಂತಿತು.

"ಮುದ್ವೀರ, ಊರಿಗೆಲ್ಲ ನಾನೊಬ್ನೇ ಏನೋ ಇಟ್ಕಳದೆ ಇದ್ದೋನು?"

"ಹೂಂ ಅಣ್ಣ."

"ಗೊತ್ತಿದ್ದೂ ಹಿಡ್ಕೊಟ್ಟೆಯಾ?"

"ಗೊತ್ತಿರ್ಲಿಲ್ಲ."

ಒಳಗೆ ಮತ್ತೆ ಮಗು ಕೆಮ್ಮಿತು. ತಿರುಮಲಯ್ಯ ಎದ್ದು, ಎರಡೂ ಕೈ ಚಾಚಿ ಚಿಪ್ಪನ್ನು ತೆಗೆದುಕೊಂಡು ಒಳಗೆ ಹೋದ. ಉಳಿಸಿಟ್ಟ ಸೌದೆಯನ್ನು ನೆರೆಯವರು ಒಂದು ಹೊರೆಯಾಗುವಷ್ಟು ತಂದು ಹೊಸಿಲಲ್ಲಿ ಇಳಿಸಿದರು. ಸ್ವಲ್ಪ ಹೊತ್ತಿಗೆ ಸರ್ಕಾರ ಬೆಂಕಿ ನಿಲ್ಲಿಸಿದ್ದ ಮನೆಯ ಸೂರಿನಿಂದಲೇ ಮೊದಲ ಹೊಗೆ ಎದ್ದಿತು. ಜನ ಅದನ್ನು ನೋಡಿ ತಮ್ಮ ತಮ್ಮ ಮನೆಗೆ ಹೋಗಿ ಒಲೆ ಹಚ್ಚಿದರು.

ಸೌದೆ ಕಡಿಮೆ ಮಾಡಿದಾಗ ನಾವು ಸಹಿಸಿದ್ದೆವು, ರಾಗಿಯಲ್ಲಿ ಮುಕ್ಕಾಲು ಪಾಲು ಹೇರಿಕೊಂಡು ಹೋದಾಗಲೂ ಸಹಿಸಿದ್ದೆವು. ಹೇಳಿದಂತೆ ಕೇಳಿಕೊಂಡಿದ್ದರೆ ಸರ್ಕಾರ ನಮ್ಮ ತಂಟೆಗೆ ಬರುವುದಿಲ್ಲ ಎಂಬ ನಂಬಿಕೆಯೊಂದಿತ್ತು, ಅದು ಆ ದಿನ ಹೋಯಿತು. ಮುಂದೆ ದೋಣಿ ಬಂದದ್ದು, ನಾವು ಅದನ್ನು ಬರಿದಾಗಿ ತಿರುಗಿಸಿದ್ದು, ಆಮೇಲೆ ಸಿಪಾಯಿಗಳು ಬಂದದ್ದು ಎಲ್ಲರೂ ಹೇಳುವ ಕತೆ. ನಾನು ಹೇಳಬೇಕಾ­ದದ್ದು ಅಂದಿನ ಸಂಜೆಯದು.

ಗಂಟೆಯನ್ನು ಕಾವಲಿನವನು ಬಾರಿಸಿದ. ಎಲ್ಲಿ ಕೂರಬೇಕೆಂದು ತಿಳಿಯದೆ ನಾನು ಎಂದಿನ ಜಾಗದಲ್ಲಿ, ಕೆಂಡಮನೆಯ ಜಗಲಿಯಲ್ಲಿ, ಬಳ್ಳದ ಮುಂದೆ ಕೂತಿದ್ದೆ. ಪಾರುಪತ್ಯಗಾರರು ಕಿಟಕಿಯಲ್ಲಿ ನಿಂತಿದ್ದರು. ಊರಿನಿಂದ ಒಬ್ಬರೂ ಬರಲಿಲ್ಲ. ಒಲೆಗಳು ಉರಿಯುತ್ತಲೇ ಇದ್ದವು. ಬೆಳಕು ಹೋಗುವ ಮುಂಚೆ ತಿರುಮಲಯ್ಯ ಪುಟ್ಟಿ ಹಿಡಿದು ಬಂದ. ಪಾರುಪತ್ಯಗಾರರ ಮುಖ ಅರಳಿದ್ದನ್ನು ನಾನು ಕಂಡೆ.

"ಅಳಿ" ಎಂದ.

ಬೂದಿಯನ್ನು ಬಳ್ಳಕ್ಕೆ ಸುರಿದು ಕೈಯಾಡಿಸಿ ಮಟ್ಟ ಮಾಡಿದೆ.

"ಚಾಕು ತಗಿ. ಎಲ್ಲಿಗೆ ಬಂದದೆ ನೋಡಿ ಅಲ್ಲಿ ಗೆರೆ ಹಾಕು."

ಹಳೆಯ ಗೆರೆ ಬೂದಿಯೊಳಗೆ ಮುಳುಗಿತ್ತು. ಅದರ ಮೇಲೆ, ಬೂದಿ ನಿಂತ ಕಡೆ, ನಾನು ಚಾಕುವಿನಿಂದ ಸುತ್ತಲೂ ಕೊರೆದೆ. ಒಂದೆರಡು ಕಡೆ ಗೆರೆ ಸೊಟ್ಟಗಾಯಿತು. ಅವನು ಬಗ್ಗಿ ನೋಡಿ, ಇನ್ನೊಂದು ಸಲ ತೀಡು ಎಂದ. ತೀಡಿದೆ. ಆಮೇಲೆ ಬಳ್ಳವನ್ನು ತಾನೇ ಎತ್ತಿ ಬೂದಿಯನ್ನು ತಿರುಗಿ ತನ್ನ ಪುಟ್ಟಿಗೆ ಸುರಿದುಕೊಂಡ. ತಳದಲ್ಲಿ ಅಂಟಿದ್ದನ್ನೂ ಅಂಗೈಯಿಂದ ಸವರಿ ತೆಗೆದ.

"ಆ ಬೂದಿ ಸರ್ಕಾರಕ್ಕೆ ಸೇರಬೇಕಾದದ್ದು" ಎಂದರು ಪಾರುಪತ್ಯಗಾರರು ಕಿಟಕಿಯಿಂದ.

ತಿರುಮಲಯ್ಯ ಪುಟ್ಟಿಯನ್ನು ಕಂಕುಳಿಗೆ ಏರಿಸಿಕೊಂಡ. "ಬೆಂಕಿ ಕೊಟ್ಟೋರಿಗೆ ಬೂದಿ ಸ್ವಾಮಿ. ಇವತ್ತು ನೀವು ಕೊಡ್ಲಿಲ್ಲ" ಎಂದ.

ಅಷ್ಟು ಹೇಳಿ ಮೆಟ್ಟಿಲಿಳಿದ. ಮಗು ಹೇಗಿದೆ ಎಂದು ಕೇಳಿದೆ. ಬಿಸಿನೀರು ಎರೆದ ಮೇಲೆ ಮಲಗಿದೆ ಎಂದು ತಿರುಗಿ ನೋಡದೆ ಹೇಳಿದ. ನನ್ನಿಂದ ಅವನಿಗೆ ಸಲ್ಲಬೇಕಾದದ್ದು ಗೆರೆಯೊಂದೇ ಅಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದನ್ನು ಕೇಳಲಿ ಎಂದು ನಾನು ಅವನ ಜೊತೆ ಬಾವಿಯವರೆಗೂ ನಡೆದೆ. ಅವನು ಕೇಳಲಿಲ್ಲ. ಬಾವಿಯಾಚೆ ತನ್ನ ಮನೆಯ ಮುಂದೆ ನಿಂತು, ಅವರೆ ಗಿಡಗಳ ಬುಡಕ್ಕೆ ಒಂದೊಂದು ಹಿಡಿಯಂತೆ ಬೂದಿ ಹಾಕುತ್ತ ಹೋದ. ಪುಟ್ಟಿ ಬರಿದಾದ ಮೇಲೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.